ನೆಂಟನಾಗಿ ಹೋದವನ ಕೈಗೆ ಸೌಟು ಬಂದದ್ದು

(ನ್ಯೂಜೆರ್ಸಿಯಲ್ಲಿ ಕನ್ನಡದವರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತ್, ಮೊಸರನ್ನ ಎರಡೂ ಆದ ಮೇಲೆ ನನ್ನನ್ನು ಮಾತಿಗೆ ಕರೆದಿದ್ದೀರಿ. ಯಾರಿಗಾದರೂ ಕಣ್ಣು ಎಳೆದರೆ ನಿದ್ದೆ ಮಾಡಿಬಿಡಿ, ನನಗೇನೂ ಬೇಜಾರಿಲ್ಲ. ಗೊರಕೆ ಮಾತ್ರ ಸ್ವಲ್ಪ ಕಮ್ಮಿ ಇರಲಿ.

ಈ ಮಾತು ಶುರುವಾದದ್ದು ಒಂದು ಫೋನಿನಿಂದ. ನಮ್ಮ ಬಳಗದ ಒಬ್ಬರು ರಾತ್ರಿ ಹತ್ತೂವರೆಗೆ ಫೋನ್ ಮಾಡಿದರು. ಮಗಳು ಯಹೂದಿ ಹುಡುಗನನ್ನು ಮದುವೆಯಾಗುತ್ತೇನೆ ಅಂದಿದ್ದಾಳೆ. ಹುಡುಗ ಒಳ್ಳೆಯವನು, ಅದರಲ್ಲಿ ತಕರಾರಿಲ್ಲ. "ಅಣ್ಣಾ, ಅವರ ಕಡೆಯವರು ಇವಳನ್ನ ಸೇರಿಸ್ಕೊಳ್ತಾರಾ?" ಅಂತ ಕೇಳಿದರು. ಹೌದು ಅಥವಾ ಇಲ್ಲ ಅಂತ ಒಂದು ಮಾತು ಹೇಳಿ ಮಲಗೋಣ ಅಂದುಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೂ ಅವರಿಗೆ ಉತ್ತರ ಸಿಕ್ಕಿರಲಿಲ್ಲ ಅನ್ನಿಸುತ್ತದೆ. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ನನ್ನ ಕತೆ ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತು. ಸಾಗರದ ಕಡೆಯವನು. 1996ರಲ್ಲಿ ನಮ್ಮ ಆಫೀಸಿನಲ್ಲೇ ಇದ್ದ ಯಹೂದಿ ಹುಡುಗಿಯನ್ನು ಮದುವೆಯಾದೆ. ನಾನು ಧರ್ಮ ಬದಲಿಸಲಿಲ್ಲ. ಈಗಲೂ ಗಣೇಶನ ಹಬ್ಬಕ್ಕೆ ಕಡುಬು ಮಾಡುತ್ತೇನೆ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಶಬ್ಬಾತ್ ಅವರ ವಾರದ ವಿಶ್ರಾಂತಿ ದಿನ, ಅವಳು ಅದರ ದೀಪ ಹಚ್ಚುವಾಗ ಪಕ್ಕದಲ್ಲಿ ನಿಲ್ಲುತ್ತೇನೆ. ಇಬ್ಬರು ಮಕ್ಕಳೂ ಯಹೂದಿಗಳಾಗಿ ಬೆಳೆದರು. ಹಾಗಾಗಿ ನಾನು ಪಂಡಿತನ ಹಾಗೆ ಮಾತಾಡುವುದಿಲ್ಲ. ಸಿನಗಾಗು ಅನ್ನುವ ಅವರ ಪ್ರಾರ್ಥನಾ ಮಂದಿರದ ಹಿಂದಿನ ಸಾಲಿನಲ್ಲಿ ಬಹಳ ವರ್ಷ ಕೂತ ಅಳಿಯನ ಮಾತು ಅಂತ ತಿಳಿದುಕೊಳ್ಳಿ.

ಮೊದಲು ನಮ್ಮೂರಿನ ಮದುವೆ ಮನೆಯನ್ನು ನೆನಪು ಮಾಡಿಕೊಳ್ಳೋಣ. ನೆಂಟರು ಬಂದರೆ ಏನು ಮಾಡುತ್ತೇವೆ? ಬನ್ನಿ ಬನ್ನಿ ಅನ್ನುತ್ತೇವೆ. ಪಾನಕ ಕೊಡುತ್ತೇವೆ. ಪಂಕ್ತಿಯಲ್ಲಿ ಕೂರಿಸಿ, ಸಾಕು ಸಾಕು ಅಂದರೂ ಬಿಡದೆ ಹೋಳಿಗೆ ಬಡಿಸುತ್ತೇವೆ. ಆ ಮರ್ಯಾದೆಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಆದರೆ ಮನೆಯವರನ್ನು ಯಾರಾದರೂ ಹಾಗೆ ಕೂರಿಸುತ್ತಾರಾ? ಅವರ ಕೈಗೆ ಹುಳಿ ಬಕೆಟ್ ಕೊಟ್ಟು, "ಏಯ್, ಆ ಕೊನೇ ಸಾಲಿಗೆ ಹೋಗೋ" ಅಂತ ಓಡಿಸುತ್ತಾರೆ. ಮನೆಯವರು ಉಣ್ಣುವುದು ಕೊನೇ ಪಂಕ್ತಿಯಲ್ಲಿ. ಹೋಳಿಗೆ ಖಾಲಿಯಾಗಿದ್ದರೂ ಕೇಳುವವರಿಲ್ಲ. ಅಮೆರಿಕದ ಯಹೂದಿ ಸಮುದಾಯ ನಮ್ಮಂಥ ಮಿಶ್ರ ಮನೆಗಳನ್ನು ಹೇಗೆ ನೋಡುತ್ತದೆ ಅನ್ನುವುದನ್ನು ನಾನು ಅಳೆಯುವುದು ಇದರಿಂದಲೇ. ಪಂಕ್ತಿಯಲ್ಲಿ ಕೂರಿಸಿದ್ದಾರಾ, ಬಕೆಟ್ ಕೊಟ್ಟಿದ್ದಾರಾ?

ನಮ್ಮ ಮದುವೆಯ ಕಾಲಕ್ಕೆ ಪಂಕ್ತಿಯಲ್ಲೂ ಜಾಗ ಕಷ್ಟವಾಗಿತ್ತು. ಇಲ್ಲಿನ ಯಹೂದಿಗಳಲ್ಲಿ ದೊಡ್ಡದಾಗಿ ಮೂರು ಪಂಗಡ. ಕಟ್ಟುನಿಟ್ಟಿನ ಆರ್ಥಡಾಕ್ಸ್, ನಡುವಿನ ಕನ್ಸರ್ವೇಟಿವ್, ಉದಾರವಾದ ರಿಫಾರ್ಮ್. ರಿಕನ್‌ಸ್ಟ್ರಕ್ಷನಿಸ್ಟ್ ಅನ್ನುವ ಸಣ್ಣ ಪಂಗಡವೂ ಒಂದಿದೆ. ಆರ್ಥಡಾಕ್ಸಿನವರಲ್ಲಿ ಇಂಥ ಮದುವೆಯ ಮಾತೇ ಇಲ್ಲ. ಕನ್ಸರ್ವೇಟಿವ್ ರಬ್ಬಿಗಳೂ, ಅಂದರೆ ಅವರ ಧರ್ಮಗುರುಗಳೂ, ಇಂಥ ಮದುವೆ ಮಾಡಿಸುವ ಹಾಗಿಲ್ಲ. ಆ ನಿಯಮ ಇವತ್ತಿಗೂ ಇದೆ. ಅತಿಥಿಯಾಗಿ ಹೋಗಿ ಕೂರುವುದಕ್ಕೆ ಅಡ್ಡಿಯಿಲ್ಲ ಅಂತ ಅವರ ಸಂಘ ಹೇಳಿದ್ದೇ 2018ರಲ್ಲಿ. ರಿಫಾರ್ಮಿನವರಲ್ಲಿ ಅದು ಆಯಾ ರಬ್ಬಿಯ ಮನಸ್ಸಿಗೆ ಬಿಟ್ಟದ್ದು. ಅಲ್ಲೂ 1909ರಿಂದಲೇ ಇದಕ್ಕೆ ಪ್ರೋತ್ಸಾಹ ಬೇಡ ಅನ್ನುವ ಠರಾವಿತ್ತು. 1973ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು.

ನನ್ನ ಹೆಂಡತಿ ಹುಟ್ಟಿ ಬೆಳೆದದ್ದು ಕನ್ಸರ್ವೇಟಿವ್ ಮನೆಯಲ್ಲಿ. ಅವಳಿಗೆ ಹೆಸರಿಟ್ಟಾಗ ಆಶೀರ್ವಾದ ಮಾಡಿದ್ದ ರಬ್ಬಿಯ ಹತ್ತಿರವೇ ಹೋದೆವು. ವಯಸ್ಸಾದವರು, ಒಳ್ಳೆಯವರು. ಟೀ ಕೊಟ್ಟರು. ನನ್ನ ಊರಿನ ಬಗ್ಗೆ ಕೇಳಿದರು. ಜೋಗದ ಬಗ್ಗೆ ಹೇಳಿದೆ. ಕೊನೆಗೆ, "ಮಗೂ, ನನ್ನ ಕೈಲಿ ಆಗಲ್ಲ" ಅಂದರು. ಅವಳು ಕಾರಿನಲ್ಲಿ ಕೂತು ಅತ್ತಳು. ನನಗೆ ಸಿಟ್ಟು ಬಂತು. ಆದರೆ ನನ್ನ ಅಪ್ಪ ಸಾಗರದಲ್ಲಿ ಮಾತಾಡಿಸಿದ್ದ ಇಬ್ಬರು ಪುರೋಹಿತರೂ ಇದನ್ನೇ ಹೇಳಿದ್ದರು. ಅವರು ಟೀ ಕೊಡಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಫೋನ್ ಮಾಡುತ್ತಾ ಹೋದೆವು. ಒಬ್ಬರು ಮಕ್ಕಳನ್ನು ಯಹೂದಿಗಳಾಗಿ ಬೆಳೆಸುತ್ತೇವೆ ಅಂತ ಮಾತು ಕೊಟ್ಟರೆ ಮಾತ್ರ ಬರುತ್ತೇನೆ ಅಂದರು. ಇನ್ನೊಬ್ಬರು ಏನೂ ಕೇಳಲಿಲ್ಲ, ದುಡ್ಡಿನ ವಿಷಯ ಬಿಟ್ಟು. ಮಾತು ಕೇಳಿದವರನ್ನೇ ಒಪ್ಪಿಕೊಂಡೆವು. ಅದು ಸರಿಯಾದ ಆಯ್ಕೆ ಅಂತ ಈಗಲೂ ಅನ್ನಿಸುತ್ತದೆ. ಯಾವ ಪ್ರಶ್ನೆಯನ್ನೂ ಕೇಳದೆ ಒಳಗೆ ಬಿಡುವವನಿಗೆ ನೀನು ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ.

ಮದುವೆಯ ದಿನ ಗೊತ್ತು ಮಾಡುವುದೇ ಒಂದು ರಾಮಾಯಣ. ಅಪ್ಪ ಶನಿವಾರ ಬೆಳಿಗ್ಗೆಯ ಮುಹೂರ್ತ ಹಿಡಿದುಕೊಂಡು ಬಂದರು. ಶಬ್ಬಾತ್ ದಿನ ಮದುವೆ ಆಗುವ ಹಾಗೇ ಇಲ್ಲ. ಮೇ ತಿಂಗಳಲ್ಲಿ ಮಾಡೋಣ ಅಂದರೆ ಪೆಸಾಖ್ ಮತ್ತು ಶಾವುವೋತ್ ಹಬ್ಬಗಳ ನಡುವಿನ ಏಳು ವಾರ. ಅದರ ಬಹಳಷ್ಟು ದಿನ ಸಂಪ್ರದಾಯಸ್ಥರು ಮದುವೆ ಮಾಡುವುದಿಲ್ಲ. "ಅವರಿಗೂ ಆಷಾಢ ಇದ್ಯೇನೋ?" ಅಂತ ಅಮ್ಮನಿಗೆ ಖುಷಿಯೋ ಖುಷಿ. ಹುಡುಗಿ ಹುಡುಗನಿಗೆ ಏಳು ಸುತ್ತು ಬರುತ್ತಾಳೆ, ಏಳು ಆಶೀರ್ವಾದ ಹೇಳುತ್ತಾರೆ ಅಂದದ್ದಕ್ಕೆ ಇನ್ನೂ ಸಮಾಧಾನ. ಹುಪ್ಪಾ ಅನ್ನುವ ಅವರ ನಾಲ್ಕು ಕಂಬದ ಚಪ್ಪರ ನೋಡಿ ಮಂಟಪವೇ ಅಂದಳು. ಆದರೆ ಕೊನೆಯಲ್ಲಿ ನಾನು ಗಾಜಿನ ಲೋಟವನ್ನು ಕಾಲಲ್ಲಿ ತುಳಿದು ಒಡೆಯಬೇಕು ಅಂದಾಗ ಮುಖ ಸಣ್ಣದಾಯಿತು. ಮದುವೆ ಮನೆಯಲ್ಲಿ ಗಾಜು ಒಡೆಯುವುದು ನಮ್ಮಲ್ಲಿ ಅಪಶಕುನ, ಅಲ್ವಾ? ಜೆರುಸಲೇಮಿನ ದೇವಾಲಯ ಹಾಳಾದದ್ದನ್ನು ಎಷ್ಟೇ ಸಂತೋಷದಲ್ಲೂ ಮರೆಯಬಾರದು ಅಂತ ಒಡೆಯುತ್ತಾರೆ ಎಂದು ನನ್ನ ಅತ್ತೆ ಅವಳಿಗೆ ಬಿಡಿಸಿ ಹೇಳಿದರು. ಅಮ್ಮ ಅದಕ್ಕೆ, "ಹಾಗಾದ್ರೆ ಒಡೀಲಿ" ಅಂದಳು. 2014ರಲ್ಲಿ ಕಮಲಾ ಹ್ಯಾರಿಸ್ ಮದುವೆಯಲ್ಲಿ ಅವರು ಯಹೂದಿ ಗಂಡನಿಗೆ ಹೂವಿನ ಹಾರ ಹಾಕಿದರು, ಆತ ಗಾಜು ತುಳಿದರು ಅಂತ ಪೇಪರಿನಲ್ಲಿ ಬಂದಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಾವು ಮೊದಲೇ ಮಾಡಿದ್ವಲ್ಲ" ಅಂದಳು.

ಇದೆಲ್ಲ ನಗುವ ಭಾಗ. ನಗು ಬಾರದ ಭಾಗವೂ ಇದೆ. ನನ್ನ ಮಾವ ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಆಗ ಅದನ್ನು ಜಂಬ ಅಂದುಕೊಂಡಿದ್ದೆ. ಆಮೇಲೆ ಅವರ ಮನೆಯ ಗೋಡೆಯ ಮೇಲಿನ ಒಂದು ಹಳೇ ಫೋಟೋ ತೋರಿಸಿದರು. ಪೋಲೆಂಡಿನಲ್ಲಿ ತೆಗೆದದ್ದು. ಹದಿನಾಲ್ಕು ಜನ ಇದ್ದರು. ಯುದ್ಧ ಮುಗಿದಾಗ ಉಳಿದವರು ಮೂವರು. ಹಿಟ್ಲರನ ಕಡೆಯವರು ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಮೇಲೆ ಉಳಿದ ಸಮುದಾಯದಲ್ಲಿ ಒಬ್ಬ ಮಗಳು ಹೊರಗೆ ಮದುವೆಯಾದರೆ ಅಪ್ಪನಿಗೆ ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಅಂತ ಅವತ್ತು ತಿಳಿಯಿತು. ಹಿಂದಿನ ಕಾಲದಲ್ಲಿ ಕೆಲವು ಮನೆಗಳಲ್ಲಿ ಹಾಗೆ ಮದುವೆಯಾದ ಮಕ್ಕಳಿಗೆ ಶಿವಾ ಕೂರುತ್ತಿದ್ದರು. ಅಂದರೆ ಸತ್ತವರಿಗೆ ಹಿಡಿಯುವ ಏಳು ದಿನದ ಸೂತಕ. ಬದುಕಿರುವ ಮಗಳಿಗೆ.

ಲೆಕ್ಕವನ್ನೂ ಸ್ವಲ್ಪ ನೋಡಿಬಿಡೋಣ. 1990ರಲ್ಲಿ ಒಂದು ದೊಡ್ಡ ಸಮೀಕ್ಷೆ ಬಂತು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಮದುವೆಯಾದ ಯಹೂದಿಗಳಲ್ಲಿ ಶೇಕಡ 52 ಜನ ಹೊರಗಿನವರನ್ನು ಮದುವೆಯಾಗಿದ್ದಾರೆ ಅಂತ ಹೇಳಿತು. ಲೆಕ್ಕದಲ್ಲಿ ತಪ್ಪಿದೆ, 43 ಇರಬೇಕು ಅಂತ ಆಮೇಲೆ ಕೆಲವರು ತೋರಿಸಿದರು. ಅಷ್ಟರಲ್ಲಿ ಗಾಬರಿ ಹಬ್ಬಿಯಾಗಿತ್ತು. ಪ್ಯೂ ಅನ್ನುವ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯ ಪ್ರಕಾರ 2010ರ ನಂತರ ಮದುವೆಯಾದವರಲ್ಲಿ ಅದು ಶೇಕಡ 61. ಆರ್ಥಡಾಕ್ಸಿನವರನ್ನು ಬಿಟ್ಟು ಲೆಕ್ಕ ಹಾಕಿದರೆ 72. ಒಟ್ಟು ಅಮೆರಿಕದಲ್ಲಿ ಇರುವ ಯಹೂದಿಗಳು ಮಕ್ಕಳೂ ಸೇರಿ ಸುಮಾರು 75 ಲಕ್ಷ. ನಮ್ಮ ಮನೆಗಳಲ್ಲೇ ನೋಡಿ. ಮಕ್ಕಳಿಗೆ ಕನ್ನಡ ಬಾರದಿದ್ದರೆ ನಮಗೆ ಹೊಟ್ಟೆ ಉರಿಯುತ್ತದೆ. ಊರಿನಲ್ಲಿ ಕೋಟಿಗಟ್ಟಲೆ ಕನ್ನಡದವರು ಇದ್ದೂ ಹಾಗಾಗುತ್ತದೆ. ಅವರ ಭಯವನ್ನು ಸುಮ್ನೆ ಸಣ್ಣತನ ಅನ್ನುವುದು ತಪ್ಪು.

ಭಯಕ್ಕೆ ಉತ್ತರ ಏನು ಅನ್ನುವುದರಲ್ಲಿ ಅವರಲ್ಲೇ ಜಗಳ. ಬಾಗಿಲು ಹಾಕಬೇಕು ಅಂತ ಒಂದು ಗುಂಪು, ತೆಗೆಯಬೇಕು ಅಂತ ಇನ್ನೊಂದು. ತೆಗೆಯಿರಿ ಅಂತ ಜೋರಾಗಿ ಹೇಳಿದ ಮೊದಲಿಗರಲ್ಲಿ ರಬ್ಬಿ ಅಲೆಕ್ಸಾಂಡರ್ ಶಿಂಡ್ಲರ್ ಒಬ್ಬರು. ರಿಫಾರ್ಮ್ ಸಿನಗಾಗುಗಳ ಒಕ್ಕೂಟಕ್ಕೆ ಮುಖ್ಯಸ್ಥರಾಗಿದ್ದವರು. ಹುಟ್ಟಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ, 1925ರಲ್ಲಿ. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಮನೆಯವರು. ಅಂಥವರು 1978ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ನಿಂತು, ಹೊರಗೆ ಮದುವೆಯಾದವರನ್ನು ದೂರ ತಳ್ಳುವುದು ಬಿಟ್ಟು ಹತ್ತಿರ ಕರೆಯೋಣ ಅಂದರು. ಬಾಗಿಲು ಹಾಕುವುದಕ್ಕೆ ಕಾರಣ ಯಾರಿಗಾದರೂ ಇದ್ದರೆ ಅದು ಅವರಿಗೇ ಇತ್ತು. ಅದಕ್ಕೇ ಆ ಮಾತಿಗೆ ತೂಕ ಬಂತು ಅಂತ ನನ್ನ ಲೆಕ್ಕ.

ಅದಾಗಿ ನಾಲ್ಕು ವರ್ಷ ಕಳೆದ ಮೇಲೆ, 1983ರ ಮಾರ್ಚಿನಲ್ಲಿ, ರಿಫಾರ್ಮ್ ರಬ್ಬಿಗಳ ಸಂಘ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ನಿಮ್ಮ ಮೊಮ್ಮಕ್ಕಳಿಗೆ ಸಂಬಂಧಪಟ್ಟದ್ದು ಇದು.

ಯಹೂದಿ ಧರ್ಮಶಾಸ್ತ್ರದಲ್ಲಿ ಕುಲ ಬರುವುದು ತಾಯಿಯಿಂದ. ತಾಯಿ ಯಹೂದಿಯಾದರೆ ಮಗು ಯಹೂದಿ. ಅಪ್ಪ ಯಾರೇ ಇರಲಿ. ಸುಮಾರು 1800 ವರ್ಷ ಹಳೆಯ ಮಿಶ್ನಾ ಅನ್ನುವ ಶಾಸ್ತ್ರಗ್ರಂಥದಲ್ಲೇ ಇದು ಇದೆ. ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಈಗ ನಮ್ಮ ಮನೆಯನ್ನು ನೋಡಿ. ನನ್ನ ಮಕ್ಕಳು ಹುಟ್ಟಿದ ಕ್ಷಣದಿಂದ ಯಹೂದಿಗಳು. ಅತಿ ಕಟ್ಟುನಿಟ್ಟಿನ ಆರ್ಥಡಾಕ್ಸ್ ರಬ್ಬಿಯೂ ಇಲ್ಲ ಅನ್ನುವ ಹಾಗಿಲ್ಲ. ಅದಕ್ಕಾಗಿ ನಾನು ಮಾಡಿದ್ದೇನು? ಏನೂ ಇಲ್ಲ. ಮಕ್ಕಳನ್ನು ಹೀಬ್ರೂ ಶಾಲೆಗೆ ಬಿಟ್ಟು ಕಾರಿನಲ್ಲೇ ಕೂತು ಕ್ರಿಕೆಟ್ ಸ್ಕೋರ್ ನೋಡುತ್ತಿದ್ದ ಮನುಷ್ಯ ನಾನು.

ನನ್ನ ಬಾಮೈದನ ಮನೆ ನೋಡಿ. ಅವನ ಹೆಂಡತಿ ಐರಿಷ್ ಕ್ಯಾಥೊಲಿಕ್ ಮನೆಯಿಂದ ಬಂದವಳು. ಧರ್ಮ ಬದಲಿಸಲಿಲ್ಲ. ಆದರೆ ಹತ್ತು ವರ್ಷ ಒಂದು ಭಾನುವಾರವೂ ತಪ್ಪಿಸದೆ ಮಕ್ಕಳನ್ನು ಹೀಬ್ರೂ ಶಾಲೆಗೆ ಕರೆದುಕೊಂಡು ಹೋದವಳು ಅವಳು. ಮಕ್ಕಳ ಪಾಠ ಹೇಳಿಕೊಡಲು ತಾನೂ ಹೀಬ್ರೂ ಅಕ್ಷರ ಕಲಿತಳು. ಪೆಸಾಖ್ ಸೆಡರ್ ಊಟಕ್ಕೆ ಅವಳ ಕೈಯ ಮಾಟ್ಸೋ (ಹುಳಿ ಬರಿಸದ ಗೋಧಿ ರೊಟ್ಟಿ) ಉಂಡೆ ಸಾರೇ ಆಗಬೇಕು ಅಂತ ನನ್ನ ಅತ್ತೆಯೇ ಹೇಳುತ್ತಿದ್ದರು. ಅವಳ ಮಗಳಿಗೆ ಹನ್ನೆರಡು ವರ್ಷ ಆಗಿದ್ದಾಗ, ಒಂದು ಶಿಬಿರದಲ್ಲಿ ಜೊತೆಯ ಹುಡುಗಿಯೊಬ್ಬಳು "ನೀನು ನಿಜವಾದ ಯಹೂದಿ ಅಲ್ಲ, ನಿಮ್ಮಮ್ಮ ಅಲ್ವಲ್ಲ" ಅಂದುಬಿಟ್ಟಳು. ಹಿರಿಯರು ಹೇಳಿಕೊಟ್ಟದ್ದನ್ನೇ ಆ ಹುಡುಗಿ ಹೇಳಿದ್ದು. ಸೆಡರ್ ಮೇಜಿನಲ್ಲಿ ನನ್ನ ಮಗಳು, ಅವನ ಮಗಳು ಅಕ್ಕಪಕ್ಕ ಕೂತಿರುತ್ತಾರೆ. ಅಜ್ಜಿ ಒಬ್ಬರೇ. ಮೂಗು ಕೂಡ ಒಂದೇ ಥರ. ಒಬ್ಬಳನ್ನು ಯಾರೂ ಕೇಳುವುದಿಲ್ಲ, ಇನ್ನೊಬ್ಬಳು ಎಲ್ಲ ಕಡೆ ಉತ್ತರ ಕೊಡಬೇಕು.

1983ರ ಠರಾವು ಬಂದದ್ದು ಇದಕ್ಕೇ. ಅಪ್ಪನಾಗಲಿ ಅಮ್ಮನಾಗಲಿ, ಒಬ್ಬರು ಯಹೂದಿ ಆಗಿದ್ದರೆ ಸಾಕು. ಆ ಮಗುವನ್ನು ಯಹೂದಿ ಅಂತಲೇ ಭಾವಿಸೋಣ, ಆದರೆ ಹೆಸರಿಡುವುದು, ತೋರಾ ಅನ್ನುವ ಧರ್ಮಗ್ರಂಥ ಓದುವುದು, ನಮ್ಮ ಉಪನಯನದ ಥರದ ಬಾರ್ ಮಿಟ್ಸ್ವಾ ಹೀಗೆ ಎಲ್ಲರ ಎದುರು ಮಾಡುವ ಕೆಲಸಗಳಿಂದ ಅದು ಗಟ್ಟಿಯಾಗಬೇಕು ಅಂದರು. ರಿಕನ್‌ಸ್ಟ್ರಕ್ಷನಿಸ್ಟರು 1968ರಲ್ಲೇ ಅಪ್ಪನ ಕಡೆಯಿಂದಲೂ ಒಪ್ಪಿಕೊಂಡಿದ್ದರು. ತಮಾಷೆ ಅಂದರೆ ಈ ಠರಾವಿನ ಪ್ರಕಾರ ನನ್ನ ಮಕ್ಕಳೂ ಪರೀಕ್ಷೆ ಬರೆಯಬೇಕು. ಅಮ್ಮ ಯಹೂದಿ ಅಂದ ಮಾತ್ರಕ್ಕೆ ಪಾಸಿಲ್ಲ. ನನಗೆ ಇದೇ ನ್ಯಾಯ ಅನ್ನಿಸುತ್ತದೆ. ಆದರೆ ಕನ್ಸರ್ವೇಟಿವ್, ಆರ್ಥಡಾಕ್ಸ್ ಇಬ್ಬರೂ ಇದನ್ನು ಒಪ್ಪಿಲ್ಲ. ಅವರ ಲೆಕ್ಕದಲ್ಲಿ ಬಾಮೈದನ ಮಗಳು ಯಹೂದಿ ಅನ್ನಿಸಿಕೊಳ್ಳಬೇಕಾದರೆ ಮೂವರು ಪಂಚರ ಎದುರು ನಿಂತು, ಮಿಕ್ವೆ ಅನ್ನುವ ಕೊಳದಲ್ಲಿ ಮುಳುಗಿ ಬರಬೇಕು.

ಇಸ್ರೇಲಿನ ಕಾನೂನು ಇನ್ನೂ ವಿಚಿತ್ರ. ಅಲ್ಲಿಗೆ ಯಹೂದಿಗಳು ಬಂದು ನೆಲೆಸಬಹುದು ಅನ್ನುವ 1950ರ ಕಾನೂನನ್ನು 1970ರಲ್ಲಿ ಹಿಗ್ಗಿಸಿದರು. ಯಹೂದಿಯ ಮಕ್ಕಳು, ಮೊಮ್ಮಕ್ಕಳು, ಅವರ ಗಂಡ ಹೆಂಡತಿ ಎಲ್ಲರಿಗೂ ಹಕ್ಕಿದೆ. ಹಾಗಾಗಿ ಬಾಮೈದನ ಮಗಳು ನಾಳೆ ಹೋಗಿ ಪೌರತ್ವ ಪಡೆಯಬಹುದು. ಆದರೆ ಅಲ್ಲಿ ಯಹೂದಿಗಳ ಮದುವೆ ರಬ್ಬಿಗಳ ಕೈಯಲ್ಲಿದೆ, ರಿಜಿಸ್ಟ್ರಾರ್ ಮದುವೆ ಇಲ್ಲ. ಯಹೂದಿ ಹುಡುಗನನ್ನು ಅಲ್ಲಿ ಮದುವೆಯಾಗುವ ಹಾಗಿಲ್ಲ. ಅಂಥವರು ಸೈಪ್ರಸ್‌ಗೆ ವಿಮಾನ ಹತ್ತಿ ಮದುವೆಯಾಗಿ ಬರುತ್ತಾರೆ.

ಒಂದು ಸಂಗತಿ ನನಗೆ ಬಹಳ ಇಷ್ಟ. ಶುಕ್ರವಾರ ರಾತ್ರಿ ಯಹೂದಿ ಅಪ್ಪ ಅಮ್ಮ ಗಂಡುಮಕ್ಕಳ ತಲೆಯ ಮೇಲೆ ಕೈಯಿಟ್ಟು, "ದೇವರು ನಿನ್ನನ್ನು ಎಫ್ರಾಯಿಮ್ ಮತ್ತು ಮನಸ್ಸೆಯ ಹಾಗೆ ಮಾಡಲಿ" ಅಂತ ಹರಸುತ್ತಾರೆ. ಈ ಎಫ್ರಾಯಿಮ್, ಮನಸ್ಸೆ ಯಾರು? ಅವರ ಧರ್ಮಗ್ರಂಥದಲ್ಲಿ ಬರುವ ಯೋಸೇಫನ ಮಕ್ಕಳು. ತಾಯಿ ಆಸನತ್, ಈಜಿಪ್ಟಿನ ಪೂಜಾರಿಯ ಮಗಳು. ಅವರ ದೊಡ್ಡ ಪ್ರವಾದಿ ಮೋಶೆಯ ಹೆಂಡತಿ ಸಿಪ್ಪೋರಾ ಕೂಡ ಮಿದ್ಯಾನಿನ ಪೂಜಾರಿಯ ಮಗಳು. ಇದನ್ನು ನಾನು ಹೇಳಿದಾಗೆಲ್ಲ ಒಬ್ಬ ಕನ್ಸರ್ವೇಟಿವ್ ಸ್ನೇಹಿತ, "ಎಜ್ರನ ಪುಸ್ತಕವನ್ನೂ ಓದು" ಅನ್ನುತ್ತಾನೆ. ಅದರಲ್ಲಿ ಹೊರಗಿನ ಹೆಂಡತಿಯರನ್ನೆಲ್ಲ ಮಕ್ಕಳ ಸಮೇತ ಕಳಿಸಿಬಿಡಿ ಅಂತ ಇದೆ. ಗ್ರಂಥದಲ್ಲಿ ಎರಡೂ ಇವೆ. ಯಾವ ಪುಟ ತೆರೆಯುತ್ತೇವೆ ಅನ್ನುವುದು ಆ ದಿನದ ಮನಸ್ಸು.

ಮದುವೆಯಾದ ಮೇಲೆ ನಾವು ಸೇರಿದ ಮೊದಲ ಸಿನಗಾಗಿನ ಹೆಸರು ಬೇಡ. ಎಲ್ಲರೂ ನಗುತ್ತಾ ಮಾತಾಡಿಸುತ್ತಿದ್ದರು. ಪಂಕ್ತಿ ಚೆನ್ನಾಗಿತ್ತು. ಆದರೆ ಅಲ್ಲಿಂದ ಬರುವ ಲಕೋಟೆಯ ಮೇಲೆ ನನ್ನ ಹೆಂಡತಿಯ ಹೆಸರು ಮಾತ್ರ. ಸದಸ್ಯಳು ಅವಳು. ನಾನು ಯಾರೂ ಅಲ್ಲ. ಚೆಕ್ ಬರೆಯುತ್ತಿದ್ದದ್ದು ನಾನೇ ಅನ್ನಿ. ಅರ್ಜಿಯಲ್ಲಿ ನನಗಾಗಿ ಒಂದು ಖಾನೆ ಇತ್ತು, "ಯಹೂದಿ ಅಲ್ಲದ ಪೋಷಕ" ಅಂತ. ಆ "ಅಲ್ಲದ" ಅನ್ನುವ ಮಾತು ನನ್ನನ್ನು ಬಹಳ ದಿನ ಚುಚ್ಚಿತು. ಆಮೇಲೆ ಬೆಂಗಳೂರಿಗೆ ಹೋಗಿದ್ದಾಗ ಪೇಪರಿನಲ್ಲಿ "ಕನ್ನಡೇತರರು" ಅಂತ ಓದಿದೆ. ನಾನೂ ಅದೇ ಮಾತನ್ನು ಎಷ್ಟು ಸಲ ಆಡಿದ್ದೇನೆ! ನಲವತ್ತು ವರ್ಷ ಇದ್ದು ತರಕಾರಿ ಮಾರುವವನ ಜೊತೆ ಕನ್ನಡದಲ್ಲೇ ಜಗಳ ಆಡುವ ಪಕ್ಕದ ಮನೆಯ ತಮಿಳು ಅಜ್ಜಿಯೂ ನಮಗೆ ಇತರರೇ ಆಗಿದ್ದರು.

ಇಂಥ ನಿಯಮಗಳು ಈಗ ಸಡಿಲ ಆಗುತ್ತಿವೆ. 2017ರಲ್ಲಿ ಕನ್ಸರ್ವೇಟಿವ್ ಸಿನಗಾಗುಗಳ ಒಕ್ಕೂಟ, ಯಹೂದಿ ಅಲ್ಲದವರನ್ನೂ ಸದಸ್ಯರಾಗಿ ಮಾಡಿಕೊಳ್ಳುವುದು ಆಯಾ ಸಿನಗಾಗಿಗೆ ಬಿಟ್ಟದ್ದು ಅಂತ ಮತ ಹಾಕಿತು. ಪರ 94, ವಿರುದ್ಧ 8. ಇನ್ನು ರಬ್ಬಿ ಆಗುವವರ ಮನೆಯೊಳಗಿನ ವಿಷಯ. ಯಹೂದಿ ಅಲ್ಲದ ಸಂಗಾತಿ ಇರುವವರನ್ನು ರಿಕನ್‌ಸ್ಟ್ರಕ್ಷನಿಸ್ಟರ ಕಾಲೇಜು 2015ರಿಂದ ಸೇರಿಸಿಕೊಂಡಿತು. ರಿಫಾರ್ಮಿನವರ ಹೀಬ್ರೂ ಯೂನಿಯನ್ ಕಾಲೇಜು 1875ರಲ್ಲಿ ಶುರುವಾದದ್ದು, ಅದು ಒಪ್ಪಿದ್ದು 2024ರಲ್ಲಿ. ಅಂದರೆ ನಾಳೆ ನಮ್ಮ ಹುಡುಗನೊಬ್ಬ ರಬ್ಬಿಯ ಗಂಡ ಆಗಬಹುದು. ನಗಬೇಡಿ, ಆಗುತ್ತೆ.

ನನ್ನ ಕೈಗೆ ಬಕೆಟ್ ಬಂದದ್ದು ಎರಡನೇ ಸಿನಗಾಗಿನಲ್ಲಿ. ಅದು ರಿಫಾರ್ಮ್ ಪಂಗಡದ್ದು. ಹನುಕ್ಕಾ ಹಬ್ಬಕ್ಕೆ ಆಲೂಗಡ್ಡೆ ತುರಿದು ಲಟ್ಕೆ ಅಂತ ಕರಿಯುತ್ತಾರೆ. ಅಲ್ಲಿನ ಗಂಡಸರೆಲ್ಲ ಸೇರಿ ಇನ್ನೂರು ಜನಕ್ಕೆ ಕರಿಯುತ್ತಿದ್ದರು. ನಾನು ಪ್ಲೇಟ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಬಾಣಲೆಯಲ್ಲಿ ಲಟ್ಕೆ ಬಿಟ್ಟುಕೊಂಡು ಚೂರು ಚೂರಾಗುತ್ತಿತ್ತು. ಆಂಬೊಡೆ ಮಾಡುವ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ನೋಡಿ ಸುಮ್ಮನಿರುವುದು ಆಗುತ್ತದಾ? "ನೀರು ಹಿಂಡಿಲ್ಲ, ಅದಕ್ಕೇ ಎಣ್ಣೆ ಕುಡೀತಿದೆ" ಅಂದೆ. ಬೆವರು ಸುರಿಸುತ್ತಿದ್ದ ಒಬ್ಬ ಮುದುಕ ತಿರುಗಿ ನೋಡಿ, "ಅಷ್ಟು ಗೊತ್ತಿದ್ರೆ ಇಲ್ಲಿ ಬಂದು ನಿಲ್ಲು" ಅಂತ ಸೌಟನ್ನು ನನ್ನ ಕೈಗೆ ತುರುಕಿದ. ಅವತ್ತು ಮೂರು ಗಂಟೆ ಕರಿದೆ. ಬಟ್ಟೆಯಲ್ಲಿ ಕಟ್ಟಿ ಹಿಂಡುವುದನ್ನು ನಾಲ್ಕು ಜನಕ್ಕೆ ಕಲಿಸಿದೆ. ಮುಂದಿನ ವರ್ಷ ಯಾರೂ ಕೇಳಲಿಲ್ಲ, ಆಲೂಗಡ್ಡೆ ಎಷ್ಟು ಮೂಟೆ ಬೇಕು ಅಂತ ನನಗೇ ಫೋನ್ ಬಂತು.

ಸ್ವಾಗತ ಸಮಿತಿ, ಸ್ವಾಗತ ಬೋರ್ಡು, ಸ್ವಾಗತದ ಕಾಫಿ ಎಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅಷ್ಟು ವರ್ಷ ನನ್ನನ್ನು ಯಾರೂ ಬಯ್ದಿರಲಿಲ್ಲ. ಲಟ್ಕೆ ಸೀದದ್ದಕ್ಕೆ ಮೊದಲ ಸಲ ಬಯ್ದರು. ಮನೆಗೆ ಬಂದು ಹೆಂಡತಿಗೆ ಖುಷಿಯಾಗಿ ಹೇಳಿದೆ.

ಎಲ್ಲ ಕೆಲಸವೂ ನಮಗೆ ಸಿಗುವುದಿಲ್ಲ, ಸಿಗಬೇಕು ಅಂತಲೂ ನಾನು ಹೇಳುವುದಿಲ್ಲ. ಮಗಳ ಬಾತ್ ಮಿಟ್ಸ್ವಾದಲ್ಲಿ, ಅಂದರೆ ಹೆಣ್ಣುಮಕ್ಕಳ ಬಾರ್ ಮಿಟ್ಸ್ವಾದಲ್ಲಿ, ಇದು ಎದುರಾಯಿತು. ತೋರಾ ಓದುವ ಮೊದಲು ಹೇಳುವ ಪ್ರಾರ್ಥನೆಯಲ್ಲಿ "ನಮ್ಮನ್ನು ಆರಿಸಿಕೊಂಡವನೇ" ಅಂತ ಬರುತ್ತದೆ. ಆ "ನಮ್ಮನ್ನು" ಅನ್ನುವುದರಲ್ಲಿ ನಾನಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ರಬ್ಬಿ ಇದನ್ನು ಮುಚ್ಚಿಡದೆ ಮೊದಲೇ ಹೇಳಿದರು. "ಆದರೆ ಇನ್ನೊಂದು ಇದೆ" ಅಂದರು. ತೋರಾ ಸುರುಳಿಯನ್ನು ಅಜ್ಜಿ ತಾತನಿಂದ ಅಪ್ಪ ಅಮ್ಮನಿಗೆ, ಅವರಿಂದ ಮಗುವಿಗೆ ಕೈಯಿಂದ ಕೈಗೆ ದಾಟಿಸುತ್ತಾರೆ. ಆ ಸಾಲಿನಲ್ಲಿ ನನ್ನನ್ನು ನಿಲ್ಲಿಸುವುದೋ ಬೇಡವೋ ಅಂತ ಸಮಿತಿಯಲ್ಲಿ ಚರ್ಚೆ ಆಯಿತಂತೆ. ಕೊನೆಗೆ ನಿಲ್ಲಿಸಿದರು. ಆರು ತಿಂಗಳು ಮಾತು ಬಿಟ್ಟಿದ್ದ ನನ್ನ ಮಾವ ಆ ಸುರುಳಿಯನ್ನು ನನ್ನ ತೋಳಿಗೆ ಕೊಟ್ಟರು. ಭಾರ ಇತ್ತು. ಬಿದ್ದರೆ ಏನಪ್ಪಾ ಅನ್ನುವುದೊಂದೇ ತಲೆಯಲ್ಲಿ. ಬೇರೆ ಯಾವ ದೊಡ್ಡ ಯೋಚನೆಯೂ ಬರಲಿಲ್ಲ.

ಕ್ಯಾಲಿಫೋರ್ನಿಯದ ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ರಬ್ಬಿ ಜಾನೆಟ್ ಮಾರ್ಡರ್ 2004ರಲ್ಲಿ ಯೋಮ್ ಕಿಪ್ಪೂರ್ ಅನ್ನುವ ಪ್ರಾಯಶ್ಚಿತ್ತದ ದಿನ ಯಹೂದಿಗಳನ್ನು ಮದುವೆಯಾದ ಬೇರೆ ಧರ್ಮದವರನ್ನೆಲ್ಲ ವೇದಿಕೆಗೆ ಕರೆದು, ನಿಮ್ಮದಲ್ಲದ ಧರ್ಮದಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದೀರಿ, ನಿಮಗೆ ನಮ್ಮ ಕೃತಜ್ಞತೆ ಅಂತ ಹೇಳಿ ಹರಸಿದರು. ಆಮೇಲೆ ಬೇರೆ ಕಡೆಗಳಲ್ಲೂ ಇದು ಬಂತು. ನಮ್ಮಲ್ಲಿ ಮಾಡಿದಾಗ ನನ್ನ ಕಣ್ಣು ಒದ್ದೆಯಾಯಿತು. ಬಾಮೈದನ ಹೆಂಡತಿ ಮಾತ್ರ ವೇದಿಕೆ ಹತ್ತಲೇ ಇಲ್ಲ. "ಹದಿನೈದು ವರ್ಷ ಆದ್ಮೇಲೂ ಎದ್ದು ನಿಲ್ಲಿಸಿ ತೋರಿಸ್ಬೇಕಾ?" ಅಂದಳು. ಇಬ್ಬರದ್ದೂ ಸರಿ. ಹೊಸಬರಿಗೆ ಬೇಕಾದದ್ದು ಹಳಬರಿಗೆ ಕಿರಿಕಿರಿ.

ಇನ್ನು ನಮಗೆ, ಅಂದರೆ ಹಿಂದೂ ಮನೆಯವರಿಗೆ ಬರುವ ತೊಡಕು ಬೇರೆ. ಕ್ರಿಶ್ಚಿಯನ್ ಮನೆಯವರಿಗೆ ಡಿಸೆಂಬರಿನ ಕ್ರಿಸ್‌ಮಸ್ ಗಿಡದ ಜಗಳ. ನಮಗೆ ಆ ಜಗಳವಿಲ್ಲ. ನಮ್ಮದು ಗಣೇಶನ ಮೂರ್ತಿ. ಯಹೂದಿಗಳಿಗೆ ವಿಗ್ರಹ ಅನ್ನುವುದು ಹತ್ತು ಆಜ್ಞೆಗಳಲ್ಲೇ ಬರುವ ವಿಷಯ. ಹುಪ್ಪಾದ ಕೆಳಗೆ ಮೂರ್ತಿ ಇಡುವ ಹಾಗಿಲ್ಲ ಅಂದರೆ ಅದನ್ನು ಅವಮಾನ ಅಂತ ತಿಳಿಯಬೇಡಿ. ಹಿಂದೂ, ಯಹೂದಿ ಧರ್ಮಗುರುಗಳು 2007ರಲ್ಲಿ ದೆಹಲಿಯಲ್ಲಿ, 2008ರಲ್ಲಿ ಜೆರುಸಲೇಮಿನಲ್ಲಿ ಸೇರಿ ಮಾತಾಡಿದ್ದಾರೆ. ಹಿಂದೂಗಳು ಯಾವ ರೂಪದಲ್ಲಿ ಪೂಜೆ ಮಾಡಿದರೂ ಆರಾಧಿಸುವುದು ಒಬ್ಬನೇ ಪರಮಾತ್ಮನನ್ನು ಅಂತ ಜೆರುಸಲೇಮಿನ ಹೇಳಿಕೆಯಲ್ಲಿ ಬಂತು. ಅದನ್ನು ಪ್ರಿಂಟ್ ಮಾಡಿ ಬೀಗರ ಕೈಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಗಣೇಶ ಮಹಡಿಯ ಮೇಲಿನ ಕೋಣೆಯಲ್ಲಿದ್ದಾನೆ. ಮಾವ ಬಂದಾಗ ಬಾಗಿಲು ಮುಚ್ಚುತ್ತಿದ್ದೆ. ಒಂದು ದಿನ ಅವರೇ, "ಆನೆ ಇದ್ದಾನಾ ಮೇಲೆ? ಚೆನ್ನಾಗಿದ್ದಾನಾ?" ಅಂತ ಕೇಳಿದರು. ಆಮೇಲೆ ಮುಚ್ಚುವುದನ್ನು ಬಿಟ್ಟೆ.

ಹೆಸರಿಡುವಾಗ ಹುಷಾರು. ನಮ್ಮಲ್ಲಿ ಮಗನಿಗೆ ಅಜ್ಜನ ಹೆಸರಿಟ್ಟರೆ ಅಜ್ಜನಿಗೆ ಹೆಮ್ಮೆ. ಅಷ್ಕೆನಾಜಿ ಯಹೂದಿಗಳಲ್ಲಿ, ಅಂದರೆ ಯುರೋಪಿನ ಕಡೆಯಿಂದ ಬಂದವರಲ್ಲಿ, ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಅದು ಆ ಹಿರಿಯರಿಗೆ ಕೇಡು ಬಯಸಿದ ಹಾಗೆ. ನಾನು ಗೊತ್ತಿಲ್ಲದೆ ಮಾವನ ಹೆಸರು ಸೂಚಿಸಿ ಅವರನ್ನು ಬೆಚ್ಚಿಬೀಳಿಸಿದ್ದೆ. ಪೆಸಾಖಿನ ಎಂಟು ದಿನ ಇನ್ನೊಂದು ಪರೀಕ್ಷೆ. ಮಾಟ್ಸೋ ಬಿಟ್ಟು ಬೇರೆ ಗೋಧಿ ತಿಂಡಿ ಇಲ್ಲ ಸರಿ, ಅಷ್ಕೆನಾಜಿ ಮನೆಗಳಲ್ಲಿ ಅಕ್ಕಿ, ಬೇಳೆಯೂ ಇಲ್ಲ. ಅನ್ನ ಸಾರು ಎರಡೂ ಇಲ್ಲದೆ ಸಾಗರದವನು ಎಂಟು ದಿನ! 2015ರಲ್ಲಿ ಕನ್ಸರ್ವೇಟಿವ್ ರಬ್ಬಿಗಳ ಸಮಿತಿ ಅಕ್ಕಿ ಬೇಳೆ ತಿನ್ನಬಹುದು ಅಂತ ತೀರ್ಪು ಕೊಟ್ಟಾಗ ನಮ್ಮ ಮನೆಯಲ್ಲಿ ಕುಣಿದಾಡಿದ್ದು ನಾನೊಬ್ಬನೇ.

ಫೋನ್ ಮಾಡಿದ ತಂಗಿಯೂ ಇಲ್ಲೇ ಕೂತಿದ್ದಾರೆ, ಅವರಿಗೆ ಎರಡು ಮಾತು. 18ಡೋರ್ಸ್ ಅಂತ ಒಂದು ಸಂಸ್ಥೆ ಇದೆ. ಹದಿನೆಂಟು ಯಾಕೆ ಅಂದರೆ ಹೀಬ್ರೂವಿನಲ್ಲಿ "ಜೀವ" ಅನ್ನುವ ಪದದ ಅಕ್ಷರಗಳಿಗಿರುವ ಅಂಕಿಗಳನ್ನು ಕೂಡಿದರೆ ಹದಿನೆಂಟು. ಇಂಥ ಮದುವೆಗೆ ಒಪ್ಪುವ ರಬ್ಬಿಯನ್ನು ಹುಡುಕಿಕೊಡುತ್ತಾರೆ. ನಮಗೆ ಆ ಅನುಕೂಲ ಇರಲಿಲ್ಲ. ಮಗು ಹುಟ್ಟಿದ ಮೇಲೆ ಪಿಜೆ ಲೈಬ್ರರಿಗೆ ಹೆಸರು ಕೊಡಿ. 2005ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದದ್ದು. ತಿಂಗಳಿಗೊಂದು ಯಹೂದಿ ಕತೆ ಪುಸ್ತಕ ಪುಕ್ಕಟೆ ಕಳಿಸುತ್ತಾರೆ. ಅಪ್ಪ 'ಏನು', ಅಮ್ಮ 'ಏನು' ಅಂತ ಕೇಳುವುದಿಲ್ಲ. ಮತ್ತೆ, ಮೊದಲ ಸೆಡರಿಗೆ ಬರಿಗೈಯಲ್ಲಿ ಹೋಗಬೇಡಿ. ಮೈಸೂರು ಪಾಕ್ ಮಾತ್ರ ಒಯ್ಯಬೇಡಿ, ಅದರಲ್ಲಿ ಕಡಲೆಹಿಟ್ಟು. ಕೊಬ್ಬರಿ ಮಿಠಾಯಿ ಸಾಕು. ಅದನ್ನೂ ಮೊದಲು ಕೇಳಿ. ಮಾಂಸದ ಊಟದ ಜೊತೆ ಹಾಲು, ತುಪ್ಪ ಕೆಲವರ ಮನೆಯಲ್ಲಿ ನಡೆಯುವುದಿಲ್ಲ.

ಕೊನೆಗೆ ಒಂದು ವಿಷಯ. ಹೋದ ವರ್ಷ ಹೆಂಡತಿ ಸ್ಮಶಾನದಲ್ಲಿ ಜಾಗ ತೆಗೆದುಕೊಳ್ಳೋಣ ಅಂದಳು. ಇಲ್ಲಿ ಮೊದಲೇ ಕೊಂಡಿಡುತ್ತಾರೆ. ಹಳೆಯ ಯಹೂದಿ ಸ್ಮಶಾನಗಳಲ್ಲಿ ಬೇರೆಯವರಿಗೆ ಜಾಗ ಇಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದವರೂ ಸತ್ತ ಮೇಲೆ ಬೇರೆ ಬೇರೆ. ಕೆಲವು ಕಡೆ ನಡುವೆ ದಾರಿಯೋ ಗಿಡದ ಬೇಲಿಯೋ ಬಿಟ್ಟು ಬೇರೆ ಭಾಗ ಮಾಡಿದ್ದಾರೆ. ನಮ್ಮ ಸಿನಗಾಗಿನ ಸ್ಮಶಾನದಲ್ಲಿ ಪಕ್ಕಪಕ್ಕ ಬಿಡುತ್ತಾರೆ. ಬೇರೆ ಧರ್ಮದ ಗುರುತು ಮಾತ್ರ ಕಲ್ಲಿನ ಮೇಲೆ ಇರಬಾರದು. ತೊಂದರೆ ಅದಲ್ಲ. ನನ್ನನ್ನು ಸುಡಬೇಕು, ಅವಳನ್ನು ಹೂಳಬೇಕು. ಯಹೂದಿ ಸಂಪ್ರದಾಯದಲ್ಲಿ ಸುಡುವುದು ಇಲ್ಲ.

ಆ ಸ್ಮಶಾನದ ಲೆಕ್ಕ ನೋಡಿಕೊಳ್ಳುವವನು ಅದೇ ಲಟ್ಕೆ ಮುದುಕ. ಈಗ ಎಂಬತ್ತಾರು. ನನ್ನ ಸಮಸ್ಯೆ ಪೂರ್ತಿ ಕೇಳಿಸಿಕೊಂಡ. ಬೂದಿಯನ್ನು ಅವಳ ಪಕ್ಕದಲ್ಲಿ ಇಡುವುದಕ್ಕೆ ರಬ್ಬಿ ಒಪ್ಪಿದ್ದಾರೆ ಅಂದ. ಅರ್ಧ ಶರಾವತಿಗೆ ಹೋಗಬೇಕು ಅಂದೆ. "ಹಾಗಾದ್ರೆ ಪೂರ್ತಿ ಜಾಗದ ದುಡ್ಡು ಯಾಕೆ ಕೊಡ್ತೀಯ? ದಡ್ಡ" ಅಂತ ರೇಗಿದ. ಕಲ್ಲಿನ ಮೇಲೆ ಹೆಸರನ್ನು ಕನ್ನಡದಲ್ಲಿ ಬರೆಸಬಹುದಾ ಅಂತ ಕೇಳಿದೆ. ಅವನು ನಿಯಮದ ಹಾಳೆಯನ್ನು ಎರಡು ಸಲ ತಿರುವಿ ನೋಡಿದ. ಲಿಪಿಯ ಬಗ್ಗೆ ಏನೂ ಇರಲಿಲ್ಲ. "ನೀನೇ ಬರೆದು ಕೊಡು. ಕೆತ್ತುವವನು ತಪ್ಪು ಮಾಡಿದ್ರೆ ಹಿಡಿಯೋರು ನಮ್ಮಲ್ಲಿ ಯಾರೂ ಇಲ್ಲ" ಅಂದ.

ಬರೆದು ಕೊಟ್ಟಿದ್ದೇನೆ. ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. ಅದನ್ನು ಸ್ವಲ್ಪ ದೊಡ್ಡದಾಗಿಯೇ ಬರೆದೆ.